ಪಾಪಕ್ಕ ಮಾತಾಡಿದ ಸಿನಿಮಾಗಳು

ಫೋನ್ ಎತ್ತಿ "ಹಲೋ" ಅಂದರೆ ಸಾಕು, ಆ ಕಡೆಯವರು "ಮನೇಲಿ ದೊಡ್ಡೋರು ಇದ್ರೆ ಕೊಡು ಪುಟ್ಟಾ" ಅನ್ನುತ್ತಿದ್ದರು. ಪಾಪಕ್ಕನಿಗೆ ಆಗ ಮೂವತ್ತೈದು ದಾಟಿತ್ತು. "ನಾನೇ ದೊಡ್ಡೋಳು" ಎಂದು ಕೆಲವು ಕಾಲ ವಾದ ಮಾಡಿದರಂತೆ. ಯಾರೂ ನಂಬದೆ ಹೋದಾಗ "ಒಂದ್ನಿಮಿಷ, ಕರೀತೀನಿ" ಎಂದು ಫೋನನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿ ಮಾತಾಡುತ್ತಿದ್ದರು. ಏನೂ ಉಪಯೋಗವಾಗುತ್ತಿರಲಿಲ್ಲ. ಎರಡನೇ ಸಲ ಬರುತ್ತಿದ್ದುದೂ ಅದೇ ದನಿ, ಆರೇಳು ವರ್ಷದ ಮಗುವಿನದು.

ಆಳು ನೋಡಿದರೆ ಬಾಗಿಲು ತುಂಬುವಂಥ ಆಳು. ಪರದೆ ಹೊಲಿಯುವುದು ಅವರ ಕಸುಬು. ಆಫೀಸು, ಆಸ್ಪತ್ರೆ, ಸಭಾಂಗಣ ಎಂದು ದಪ್ಪ ಬಟ್ಟೆಯ ಥಾನುಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ತೋಳುಗಳು ಗಟ್ಟಿಯಾಗಿದ್ದವು. ಅಂಥ ಮೈಯಿಂದ ಅಂಥ ದನಿ ಬಂದರೆ ಎದುರಿಗಿದ್ದವರು ಒಮ್ಮೆ ಅವರ ಬೆನ್ನ ಹಿಂದೆ ಇಣುಕುತ್ತಿದ್ದರು, ಅಲ್ಲಿ ಯಾವುದಾದರೂ ಮಗು ಅಡಗಿ ಕೂತಿದೆಯೇನೋ ಎಂದು. "ಚಿಕ್ಕವಳಿದ್ದಾಗ ದನಿ ಎಷ್ಟು ಚೆಂದ ಅಂತಿದ್ರು. ದೊಡ್ಡವಳಾದ ಮೇಲೆ ಅದನ್ನೇ ಡಾಕ್ಟರಿಗೆ ತೋರಿಸು ಅಂದ್ರು" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ನನಗೆ ವಯಸ್ಸಾಯ್ತು, ದನಿಗೆ ಇನ್ನೂ ಆಗಿಲ್ಲವಲ್ಲ" ಅನ್ನುತ್ತಿದ್ದರು. ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಸ್ಟುಡಿಯೋದಲ್ಲಿ. ಹೊರದೇಶದ ಕಾರ್ಟೂನ್ ಸಿನಿಮಾಗಳನ್ನು ನಮ್ಮ ಭಾಷೆಗೆ ಡಬ್ ಮಾಡಿ ಟಿವಿಯವರಿಗೆ ಕೊಡುವುದು ನಮ್ಮ ಕೆಲಸ. ನಾನು ಸಂಭಾಷಣೆ ಬರೆಯುವವನು. ರೆಕಾರ್ಡಿಂಗ್ ಮಾಡುವವರನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದೆವು, ಪಕ್ಕದ ಕೋಣೆಯಲ್ಲಿ ಯಾರಾದರೂ ನೆಟಿಗೆ ಮುರಿದರೂ ಇಲ್ಲಿ ಕೆಲಸ ನಿಲ್ಲಿಸಿ "ಯಾರದು?" ಎಂದು ಕೇಳುವ ಮನುಷ್ಯ. ಹಳೆಯ ಕಟ್ಟಡದ ಮೇಲಿನ ಮಹಡಿ ನಮ್ಮದು, ಕೆಳಗೆ ಟೈರ್ ಅಂಗಡಿ. ಅವರ ಸುತ್ತಿಗೆ ಸದ್ದು ಮೈಕಿಗೆ ಬೀಳದ ಹಾಗೆ ಗೋಡೆ ತುಂಬ ದಪ್ಪ ಪರದೆ ಬೇಕಾಯಿತು. ಹಾಗೆ ಪಾಪಕ್ಕ ಬಂದರು. ಆಗಿನ್ನೂ ಪಾಪಕ್ಕ ಅಲ್ಲ, ಬರೀ ಪರದೆಯವರು.

ಅವತ್ತು ನಾವು ಪೇಚಿಗೆ ಸಿಕ್ಕಿದ್ದೆವು. ಹಿಮದ ದೇಶದ ಒಂದು ಸಿನಿಮಾ. ಅದರಲ್ಲಿ ನರಿಮರಿಯೊಂದಕ್ಕೆ ದನಿ ಬೇಕಿತ್ತು. ಒಂದು ಮಗುವನ್ನು ಕರೆಸಿದ್ದೆವು. ಅದು ಮೈಕ್ ಕಂಡದ್ದೇ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿತು, ಮತ್ತೆ ಎತ್ತಲಿಲ್ಲ. ಬಿಸ್ಕತ್ತು ಕೊಟ್ಟೆವು, ಬಲೂನು ಕೊಟ್ಟೆವು, ಕಿವಿಯಣ್ಣ ಕಪ್ಪೆಯ ಹಾಗೆ ಕುಪ್ಪಳಿಸಿಯೂ ತೋರಿಸಿದರು. ಅದಕ್ಕೆ ಮಗು ಇನ್ನಷ್ಟು ಜೋರಾಗಿ ಅತ್ತಿತು. ತಾಯಿ ಬೇಜಾರು ಮಾಡಿಕೊಂಡು ಕರೆದುಕೊಂಡು ಹೋದರು. ಇನ್ನೇನು ಮಾಡುವುದು ಎಂದು ಕೂತಿರುವಾಗ ಪರದೆಯ ಆಚೆಯಿಂದ ಕೇಳಿಸಿತು:

"ಅಣ್ಣಾ, ಏಣಿ ಸ್ವಲ್ಪ ಹಿಡ್ಕೋತೀರಾ? ಬಿದ್ದುಹೋಗ್ತೀನಿ."

ಕಿವಿಯಣ್ಣ ಹೆಡ್‌ಫೋನ್ ಕಿತ್ತೆಸೆದರು. "ಆ ಮಗೂನ ಏಣಿ ಹತ್ತಿಸಿದ್ಯಾರು?" ಎಂದು ಗದರಿಕೊಂಡೇ ಓಡಿ ಪರದೆ ಸರಿಸಿದರು. ಏಣಿಯ ಮೇಲೆ ಪಾಪಕ್ಕ, ತುಟಿಯ ಸಂದಿಯಲ್ಲಿ ಗುಂಡುಪಿನ್ನು.

"ಈಗ ಹೇಳಿದ್ದನ್ನ ಮೈಕಲ್ಲಿ ಒಂದು ಸಲ ಹೇಳ್ತೀರಾ?" ಎಂದು ಕೇಳಿದರು ಕಿವಿಯಣ್ಣ.

"ನಾನು ಪರದೆ ಹಾಕೋಕೆ ಬಂದಿರೋಳು."

"ಪರದೆ ಎಲ್ಲೂ ಓಡಿಹೋಗಲ್ಲ."

"ನಾನೂ ಎಲ್ಲೂ ಓಡಿಹೋಗಲ್ಲ. ಏಣಿ ಹಿಡ್ಕೊಳ್ಳಿ ಮೊದಲು" ಎಂದು ಅವರು ಕೆಲಸ ಮುಂದುವರಿಸಿದರು. ಸಂಜೆಯವರೆಗೂ ನಾವು ಒಬ್ಬರಾದ ಮೇಲೊಬ್ಬರು ಹೋಗಿ ಕೇಳಿದೆವು. ಜಗ್ಗಲಿಲ್ಲ. ಕೊನೆಗೆ ಕತ್ತರಿ, ಟೇಪು ಎಲ್ಲ ಚೀಲಕ್ಕೆ ತುಂಬಿಕೊಂಡು ಬಾಗಿಲ ತನಕ ಹೋದವರು ನಿಂತರು.

"ಇದು ಎಲ್ಲಾ ಊರಲ್ಲೂ ಬರುತ್ತಾ?"

"ಟಿವಿ ಇರೋ ಕಡೆಯೆಲ್ಲಾ ಬರುತ್ತೆ" ಅಂದರು ಕಿವಿಯಣ್ಣ.

"ಮಕ್ಕಳು ನೋಡ್ತಾರಾ?"

"ಮಕ್ಕಳು ನೋಡದೆ ನಮ್ಮಂಥ ಮುದುಕರು ನೋಡ್ತಾರಾ?"

ಅವರು ಚೀಲ ಕೆಳಗಿಟ್ಟರು. "ಏನು ಹೇಳ್ಬೇಕು, ಹೇಳಿ."

ನರಿಮರಿ ಅವತ್ತೇ ಮಾತಾಡಿತು. ಆಮೇಲೆ ನಮ್ಮಲ್ಲಿಗೆ ಬಂದ ಮಕ್ಕಳು, ಮರಿಗಳು, ಪಿಳ್ಳೆಗಳೆಲ್ಲ ಅವರದೇ ದನಿಯಲ್ಲಿ ಮಾತಾಡಿದವು. ಪಾಪುಗಳ ಅಕ್ಕ ಹೋಗಿ ಪಾಪಕ್ಕ ಆದರು. ಪರದೆಯ ಕೆಲಸ ಬಿಡಲಿಲ್ಲ. ಬೆಳಗ್ಗೆ ಹೊಲಿಗೆ, ಮಧ್ಯಾಹ್ನ ಸ್ಟುಡಿಯೋ.

ನೋಡುವವರಿಗೆ ಇದು ಆಟ. ಮಾಡುವವರಿಗೆ ಬೆವರು. ರೆಕಾರ್ಡಿಂಗ್ ನಡೆಯುವಾಗ ಫ್ಯಾನ್ ಹಾಕುವಂತಿಲ್ಲ, ಸದ್ದು ಮಾಡುವ ಬಟ್ಟೆ ಉಡುವಂತಿಲ್ಲ, ಹಸಿದುಕೊಂಡು ಬರುವಂತಿಲ್ಲ. "ಪಾಪಕ್ಕ, ನಿಮ್ಮ ಹೊಟ್ಟೆ ಡೈಲಾಗ್ ಹೇಳ್ತಿದೆ" ಎಂದು ಕಿವಿಯಣ್ಣ ಗಾಜಿನ ಆಚೆಯಿಂದ ಅನ್ನುತ್ತಿದ್ದರು. ಆಗ ಒಂದು ಬಾಳೆಹಣ್ಣು ತಿಂದು ಬರಬೇಕು. ಮರಿ ಓಡಿದರೆ ಇವರು ನಿಂತಲ್ಲೇ ಮುಷ್ಟಿ ಬಿಗಿದು ತೋಳು ಆಡಿಸಿ ಏದುಸಿರು ಬಿಡಬೇಕು. ಮುತ್ತು ಕೊಟ್ಟರೆ ತಮ್ಮದೇ ಮುಂಗೈಗೆ. ನನ್ನ ಕಷ್ಟ ಬೇರೆ. ಪರದೇಶದ ಬಾಯಿ ಎಲ್ಲಿ ಮುಚ್ಚುತ್ತದೋ ಅಲ್ಲಿ ನಮ್ಮ ಮಾತಿನಲ್ಲಿ ಪ, ಬ, ಮ ಬರಬೇಕು. ಇದಕ್ಕೆ ತುಟಿ ಕೂಡಿಸುವುದು ಎನ್ನುತ್ತಿದ್ದೆವು. ಅವರು ಒಂದು ಪದದಲ್ಲಿ ಮುಗಿಸಿದ್ದಕ್ಕೆ ನಮಗೆ ಅರ್ಧ ವಾಕ್ಯ ಬೇಕು. ಅವರು ಇಡೀ ವಾಕ್ಯ ಗೊಣಗಿದ ಕಡೆ ನಮ್ಮಲ್ಲಿ "ಅಯ್ಯೋ" ಅಂದರೆ ಎಲ್ಲ ಹೇಳಿದಂತಾಯಿತು.

ಆ ಕೋಣೆಯಲ್ಲಿ ಕೂತೇ ನಾನು ಎಷ್ಟೋ ದೇಶ ಸುತ್ತಿದೆ. ಹಿಮದ ದೇಶದವರು ಚಿತ್ರದಲ್ಲೂ ಮಿತಭಾಷಿಗಳು. ಅಪ್ಪ ಮಗಳು ಮುಖಾಮುಖಿ ನಿಂತಿರುತ್ತಾರೆ, ಇಬ್ಬರ ಉಸಿರೂ ಹೊಗೆಯಾಗಿ ಮೇಲೇಳುತ್ತದೆ, ಆ ಹೊಗೆ ಸೇರಿಕೊಂಡರೆ ರಾಜಿಯಾದರು ಎಂದು ಅರ್ಥ. ದ್ವೀಪದೇಶದ ಒಂದು ಸಿನಿಮಾದಲ್ಲಿ ಅಜ್ಜಿ ಹಣ್ಣಿನ ಸಿಪ್ಪೆ ಸುಲಿಯುತ್ತಾಳೆ. ಸುಮ್ಮನೆ ಸುಲಿಯುತ್ತಾಳೆ, ಅಷ್ಟೇ. ಟಿವಿಯವರು ಅದನ್ನು ಕತ್ತರಿಸಿ ಅಂದರು. ಕತ್ತರಿಸಿ ನೋಡಿದರೆ ಆಮೇಲೆ ಅಜ್ಜಿ ಸತ್ತಾಗ ದುಃಖವೇ ಆಗಲಿಲ್ಲ. ಮತ್ತೆ ಜೋಡಿಸಿದೆವು. ಮಣ್ಣಿನ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ತೆಗೆದ ಸಿನಿಮಾ ಒಂದು ಬಂದಿತ್ತು. ಅದರ ಕರುವಿನ ಕುತ್ತಿಗೆಯ ಮೇಲೆ ಮಾಡಿದವರ ಹೆಬ್ಬೆರಳ ಗುರುತು ಹಾಗೇ ಉಳಿದಿತ್ತು. ಕರು ತಲೆಯಾಡಿಸಿದಾಗಲೆಲ್ಲ ಆ ಗುರುತು ಮಿಣುಗುಟ್ಟುತ್ತಿತ್ತು, ಯಾರೋ ಈಗಷ್ಟೇ ಸವರಿ ಹೋದ ಹಾಗೆ. ಆ ಕರುವಿಗೆ ನಾನು ಎಷ್ಟು ಒಳ್ಳೆಯ ಮಾತು ಬರೆದರೂ ಆ ಹೆಬ್ಬೆರಳು ಹೇಳಿದಷ್ಟು ಹೇಳಲಾಗಲಿಲ್ಲ.

ನನಗೆ ಕ್ರಮೇಣ ಒಂದು ವಿಷಯ ಕಂಡಿತು. ಯಾವ ದೇಶದ್ದಾದರೂ ಇರಲಿ, ಕತೆ ಶುರುವಾಗುವ ಹೊತ್ತಿಗೆ ಒಂದು ಮರಿ ತಪ್ಪಿಸಿಕೊಂಡಿರುತ್ತದೆ. ಹಾಗಾಗಿ ಪಾಪಕ್ಕನಿಗೆ ಸದಾ ಅದೇ ಕೆಲಸ: ಕಾಡಿನಲ್ಲಿ, ಮರಳಿನಲ್ಲಿ, ಮಂಜಿನಲ್ಲಿ ನಿಂತು "ಅಮ್ಮಾ" ಎಂದು ಕೂಗುವುದು. "ನಗೋ ಬಾಯಿ ಒಂದೊಂದು ದೇಶದ್ದು ಒಂದೊಂದು ಥರ" ಎಂದು ಒಮ್ಮೆ ಹೇಳಿದ್ದರು. "ಅಳೋ ಬಾಯಿ ಮಾತ್ರ ಎಲ್ಲಾ ಕಡೆ ಒಂದೇ. ಅದಕ್ಕೇ ಅಳೋದು ನನಗೆ ಸುಲಭ, ತುಟಿ ನೋಡೋದೇ ಬೇಡ."

ಮರುಭೂಮಿಯ ದೇಶದ್ದೊಂದು ಸಿನಿಮಾ ಬಂತು. ಗಾಜಿನ ಮೇಲೆ ಮರಳು ಹರಡಿ, ಬೆರಳಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಮಾಡಿದ್ದು. ಒಂಟೆ ಕರಗಿ ದಿಬ್ಬವಾಗುತ್ತದೆ, ದಿಬ್ಬ ಕರಗಿ ತಾಯಿಯಾಗುತ್ತದೆ. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಆಕಾಶಕ್ಕೆ ಕೈ ತೋರಿಸಿ "ಅಲ್ನೋಡು, ನಕ್ಷತ್ರ" ಅನ್ನಬೇಕು. ಪಾಪಕ್ಕ "ಅಲ್ನೋಡು, ಬುಂಬು" ಅಂದರು.

ನಾನು ನಿಲ್ಲಿಸಿದೆ. "ಬುಂಬು ಅಂದ್ರೇನು?"

"ತುಟಿ ಕೂಡ್ತಲ್ಲ."

"ತುಟಿ ಕೂಡ್ತು. ಅರ್ಥ ಏನು?"

"ಅರ್ಥ ಆಗೋರಿಗೆ ಆಗುತ್ತೆ, ಬಿಡಿ."

ನಾನು ಕಿವಿಯಣ್ಣನ ಮುಖ ನೋಡಿದೆ. ಅವರು "ಕೇಳೋಕೆ ಚೆನ್ನಾಗಿದೆ, ಇರಲಿ" ಎಂದು ಕೈಯಾಡಿಸಿದರು. ಅಲ್ಲಿಂದ ಮುಂದೆ ಪ್ರತಿ ಸಿನಿಮಾದಲ್ಲೂ ಎಲ್ಲಾದರೂ ಒಂದು ಕಡೆ ಬುಂಬು ಬರತೊಡಗಿತು. ಕರಡಿಮರಿಗೆ ಜೇನುಗೂಡು ಬುಂಬು, ದ್ವೀಪದ ಹುಡುಗಿಗೆ ದೂರದ ಹಡಗು ಬುಂಬು. ಬರಬರುತ್ತಾ ನಾನೂ ಬರೆಯುವಾಗಲೇ ಅದಕ್ಕೊಂದು ಜಾಗ ಬಿಡುತ್ತಿದ್ದೆ.

ಅದರ ಅರ್ಥ ಗೊತ್ತಾದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಸೆಕೆ ತಡೆಯಲಾರದೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆವು. ಕೆಳಗೆ ಟೈರ್ ಅಂಗಡಿಯವರು ಕೆಲಸವಿಲ್ಲದೆ ಬೀದಿಗೆ ನೀರು ಚಿಮುಕಿಸುತ್ತಿದ್ದರು. ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದರು.

ಪಾಪಕ್ಕನಿಗೆ ಒಬ್ಬ ತಂಗಿ. ತಂಗಿಯ ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿಕೊಂಡ. ಕೈಯಲ್ಲಿ ಹಸುಗೂಸು. ತಂಗಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಹಾಸ್ಟೆಲಿನಲ್ಲಿ ವಾಸ. ಅಲ್ಲಿ ಮಗು ಇಟ್ಟುಕೊಳ್ಳುವಂತಿಲ್ಲ. ಕೂಸು ಅಕ್ಕನ ಮಡಿಲಿಗೆ ಬಂತು. ಅವಳೇ ಪುಟ್ಟಿ. ಪಾಪಕ್ಕನ ಹೊಲಿಗೆ ಮೆಷಿನ್ನಿನ ಕೆಳಗೆ, ಪರದೆ ಬಟ್ಟೆಯ ರಾಶಿಯಲ್ಲಿ ಬೆಳೆದಳು. "ದೊಡ್ಡಮ್ಮ" ಅನ್ನಲು ನಾಲಗೆ ಹೊರಳುವ ಮೊದಲೇ ಅವಳು ಕಲಿತ ಮಾತು ಬುಂಬು. ಏನೋ ಬೇಕು, ಅದರ ಹೆಸರು ಗೊತ್ತಿಲ್ಲ, ಅದು ಬುಂಬು. ಅಲಮಾರಿನ ಮೇಲಿನ ಡಬ್ಬಿ, ಕಿಟಕಿಯಾಚೆಯ ಹಕ್ಕಿ, ಎಲ್ಲವೂ. "ನಾನು ಮಾತಾಡಿದ್ರೆ ನಗದೇ ಇದ್ದೋಳು ಅವಳೊಬ್ಬಳೇ" ಅಂದರು ಪಾಪಕ್ಕ. "ಅವಳಿಗೆ ನನ್ನದು ವಿಚಿತ್ರದ ದನಿ ಅಂತಾನೇ ಗೊತ್ತಿರಲಿಲ್ಲ. ದೊಡ್ಡೋರ ದನಿ ಅಂದ್ರೆ ಇದೇ ಅಂದ್ಕೊಂಡಿದ್ಳು."

ಪುಟ್ಟಿಗೆ ಏಳು ತುಂಬುವ ಹೊತ್ತಿಗೆ ತಂಗಿ ಎರಡನೇ ಮದುವೆಯಾದಳು. ಒಳ್ಳೆಯ ಮನುಷ್ಯನೇ. ಮಗುವನ್ನು ಕರೆದುಕೊಂಡು ಹೋಗಲು ಇಬ್ಬರೂ ಬಂದರು. ಪುಟ್ಟಿ ಮೆಷಿನ್ನಿನ ಕಾಲು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಬಿಡಿಸಿದ್ದು ಪಾಪಕ್ಕನೇ, ಒಂದೊಂದೇ ಬೆರಳು. "ಇನ್ಯಾರು ಬಿಡಿಸಿದ್ರೂ ನೋಯ್ತಿತ್ತು" ಅಂದರು.

ಕೆಲವು ತಿಂಗಳ ಮೇಲೆ ನೋಡಿಕೊಂಡು ಬರೋಣ ಎಂದು ಹೊರಟರು. ಪುಟ್ಟಿಗೆ ಹಳದಿ ಬಟ್ಟೆಯ ಫ್ರಾಕು ಹೊಲಿದಿದ್ದರು. ತಂಗಿ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಮನೆಗೆ ಕರೆಯಲಿಲ್ಲ. ಅಲ್ಲೇ ಹೋಟೆಲಿನಲ್ಲಿ ಕೂರಿಸಿ ಟೀ ತರಿಸಿದಳು.

"ಈಗ ಬೇಡ ಅಕ್ಕ. ರಾತ್ರಿಯೆಲ್ಲಾ ನಿನ್ನನ್ನೇ ಕೇಳ್ತಾಳೆ. ನನ್ನನ್ನ ಇನ್ನೂ 'ಇವರು' ಅಂತಾಳೆ. ಅವಳು ನನ್ನನ್ನ ಅಮ್ಮ ಅನ್ನೋ ತನಕ ತಾಳ್ಕೋ."

"ದೂರದಿಂದ ನೋಡ್ತೀನಿ. ಮಾತಾಡಲ್ಲ."

"ನೀನು ಮಾತಾಡದೆ ಇರ್ತೀಯಾ?"

ಪಾಪಕ್ಕ ಫ್ರಾಕು ಕೊಟ್ಟು ಮುಂದಿನ ಬಸ್ಸಿಗೇ ವಾಪಸು ಬಂದರು. ತಾಳಿಕೊಂಡರು. ಸ್ವಲ್ಪ ದಿನ ಎಂದದ್ದು ವರ್ಷವಾಯಿತು. ತಂಗಿಗೆ ಇನ್ನೊಂದು ಮಗುವಾಯಿತು, ಅವರು ಇನ್ನೂ ದೂರದ ಊರಿಗೆ ಹೋದರು, ಫೋನು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಜಗಳ ಏನೂ ಇಲ್ಲ. ತಂಗಿಯನ್ನು ಪಾಪಕ್ಕ ಒಂದು ದಿನವೂ ಬೈಯಲಿಲ್ಲ. "ಅವಳು ಹೆತ್ತೋಳು. ಮಗು ಬಾಯಲ್ಲಿ ಅಮ್ಮ ಅನ್ನಿಸ್ಕೊಳ್ಳೋಕೆ ಕಾದಿದ್ಳು. ಕಾಯೋದು ಏನೂಂತ ನನಗೆ ಗೊತ್ತಿಲ್ವಾ?"

ಆ ತಂಗಿ ಮಗುವನ್ನು ಕರೆದುಕೊಂಡು ಹೋದ ವರ್ಷವೇ ನಮ್ಮ ಸ್ಟುಡಿಯೋಗೆ ಪರದೆ ಹಾಕಿದ್ದು. ಎಲ್ಲಾ ಊರಲ್ಲೂ ಬರುತ್ತಾ ಎಂದು ಬಾಗಿಲಲ್ಲಿ ನಿಂತು ಯಾಕೆ ಕೇಳಿದ್ದರು ಎಂದು ನನಗೆ ಆಗ ತಿಳಿಯಿತು.

ಸಿನಿಮಾ ಮುಗಿದಾಗಲೆಲ್ಲ "ಯಾವತ್ತು ಬರುತ್ತೆ?" ಎಂದು ತಪ್ಪದೆ ಕೇಳುತ್ತಿದ್ದರು. ಹಾಗೆ ಸಿನಿಮಾ ಬರುವ ಹೊತ್ತಿಗೆ ಕೆಲಸದ ನೆಪದಲ್ಲಿ ನಾನೊಮ್ಮೆ ಅವರ ಮನೆಗೆ ಹೋಗಿದ್ದೆ. ಮೆಷಿನ್ ನಿಂತಿತ್ತು. ಟಿವಿ ಕೂಡ ಆರಿಸಿಯೇ ಇತ್ತು. ಅದರ ಮೇಲೆ ಮಡಿಸಿದ ಬಟ್ಟೆಗಳ ಅಟ್ಟಿ. ಪಾಪಕ್ಕ ಕಿಟಕಿಯ ಬಳಿ ಕೈ ಕಟ್ಟಿ ಕೂತಿದ್ದರು.

"ನೋಡ್ತಾ ಇಲ್ವಾ?" ಎಂದೆ.

"ನಾನು ನೋಡಿ ಏನಾಗ್ಬೇಕು? ಅವಳು ನೋಡ್ತಿರ್ತಾಳೆ ಈಗ." ಸ್ವಲ್ಪ ಹೊತ್ತಿನ ಮೇಲೆ ಗಡಿಯಾರ ನೋಡಿ, "ಕರಡಿಮರಿ ಈಗ ನದಿ ದಾಟ್ತಾ ಇರ್ಬೇಕು" ಅಂದರು.

ಆ ಕಿಟಕಿಯಲ್ಲಿ ಅವರು ಕೂತಿದ್ದ ರೀತಿ ನನಗೆ ಮರೆಯುವುದಿಲ್ಲ. ಸಿನಿಮಾಗಳಲ್ಲಿ ತಪ್ಪಿಸಿಕೊಂಡ ಮರಿಯನ್ನೇ ನಾವು ಹಿಂಬಾಲಿಸುತ್ತೇವೆ. ಕಾಡಿನ ಆಚೆ ಬದಿಯಲ್ಲಿ ಉಳಿದವಳು ಕೊನೆಯ ದೃಶ್ಯದ ತನಕ ಏನು ಮಾಡಿಕೊಂಡಿದ್ದಳು ಎಂದು ಯಾವ ದೇಶದವರೂ ಬರೆದು ತೋರಿಸಲಿಲ್ಲ.

ಹೀಗೇ ವರ್ಷಗಳು ಹೋದವು. ಅವರ ಕೂದಲು ನೆರೆಯಿತು, ದನಿ ಮಾತ್ರ ಹಾಗೇ ಇತ್ತು. ಕಿವಿಯಣ್ಣ ನಿವೃತ್ತರಾದರು. ಕೈಯಲ್ಲಿ ಚಿತ್ರ ಬರೆದು ಮಾಡಿದ ಸಿನಿಮಾಗಳು ಕಡಿಮೆಯಾಗಿ ಕಂಪ್ಯೂಟರಿನವು ಬಂದವು. ಅವುಗಳಲ್ಲಿ ಮರಿಯ ಮೈಮೇಲಿನ ಒಂದೊಂದು ರೋಮವೂ ಬೇರೆ ಬೇರೆ ಕಾಣುತ್ತಿತ್ತು. "ಚೆನ್ನಾಗಿದೆ. ಆದ್ರೆ ಮುಟ್ಟೋಕೆ ಏನೂ ಉಳಿಸಿಲ್ಲ" ಅಂದಿದ್ದರು ಪಾಪಕ್ಕ.

ಒಂದು ಸಲ ನೆಗಡಿ ಬಂದದ್ದು ಹೋಗಲಿಲ್ಲ. ಮಾತಾಡಿದರೆ ನಡುವೆ ದನಿ ಹರಿಯುತ್ತಿತ್ತು, ಹಳೆ ಬಟ್ಟೆ ಹರಿದ ಹಾಗೆ. ಡಾಕ್ಟರು ನೋಡಿ ಗಂಟಲಲ್ಲಿ ಗಂಟಿದೆ, ತೆಗೆಯಬೇಕು ಅಂದರು. ತೆಗೆದರು. ಬಹಳ ದಿನ ಮಾತಾಡಬಾರದು ಎಂದಿದ್ದರಿಂದ ಪಾಪಕ್ಕ ಕೈಸನ್ನೆಯಲ್ಲೇ ಗಿರಾಕಿಗಳ ಜೊತೆ ಚೌಕಾಶಿ ಮಾಡಿದರಂತೆ. ಮಾತಾಡಬಹುದು ಎಂದ ವಾರ ನಾನೂ ಕಿವಿಯಣ್ಣನೂ ನೋಡಲು ಹೋದೆವು. ಬಾಗಿಲು ತೆರೆದೇ ಇತ್ತು. ಒಳಗೆ ಕೂತೆವು.

"ಟೀ ಕುಡೀತೀರಾ?"

ಒರಟು, ದಪ್ಪ ದನಿ. ನಾವಿಬ್ಬರೂ ಅವರ ಬೆನ್ನ ಹಿಂದೆ ಇಣುಕಿದೆವು, ಅಲ್ಲಿ ಯಾರಿದ್ದಾರೆ ಎಂದು. ಯಾರೂ ಇರಲಿಲ್ಲ.

"ನಾನೇ" ಅಂದರು ಪಾಪಕ್ಕ. "ಈಗ ಫೋನ್ ಮಾಡಿದವರು ಸಾರ್ ಅಂತಾರೆ."

ನಾವು ನಕ್ಕೆವು. ಅವರೂ ನಕ್ಕರು. ಕಿವಿಯಣ್ಣ ಟೀ ಕುಡಿಯುವಾಗ ಒಮ್ಮೆಯೂ ತಲೆ ಎತ್ತಲಿಲ್ಲ. ಆಚೆ ಬಂದ ಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, "ಅಂಥ ದನಿ ನನ್ನ ಕಿವಿಗೆ ಇನ್ನೊಂದು ಬೀಳಲ್ಲ" ಎಂದಷ್ಟೇ ಹೇಳಿದರು. ನಮ್ಮ ಸ್ಟುಡಿಯೋಗೆ ಬೇರೆ ಹುಡುಗಿ ಬಂದಳು. ಪಾಪಕ್ಕ ಪೂರ್ತಿ ಪರದೆಗೇ ಮರಳಿದರು, ಚಿಕ್ಕ ಮನೆಗೆ ಬದಲಾಯಿಸಿಕೊಂಡರು. ದನಿ ಹೋದದ್ದಕ್ಕೆ ಅಳುವುದನ್ನು ನಾನು ನೋಡಲಿಲ್ಲ. "ಇನ್ಮೇಲೆ ಅವಳಿಗೆ ಕೇಳಿಸಲ್ಲ ಅಲ್ವಾ" ಎಂದು ಒಮ್ಮೆ ಕೇಳಿದರು. "ಹಳೇವು ಮತ್ತೆ ಮತ್ತೆ ಹಾಕ್ತಾರೆ ಪಾಪಕ್ಕ" ಎಂದು ಸುಳ್ಳು ಹೇಳಿದೆ.

ಮತ್ತೆ ಎಷ್ಟೋ ಕಾಲವಾಗಿತ್ತು. ಒಂದು ಬೆಳಗ್ಗೆ ಸ್ಟುಡಿಯೋಗೆ ಒಬ್ಬಳು ಬಂದಳು. ಮೂವತ್ತರ ಒಳಗಿನ ವಯಸ್ಸು, ಕಂಪನಿಯ ನೀಲಿ ಸಮವಸ್ತ್ರ, ಜೇಬಿನಲ್ಲಿ ಸ್ಪ್ಯಾನರ್. ಲಿಫ್ಟ್ ರಿಪೇರಿ ಮಾಡುವವಳು. ಈ ಊರಿಗೆ ವರ್ಗವಾಗಿ ಬಂದಿದ್ದಳು. ಲಿಫ್ಟ್ ಇಲ್ಲದ ನಮ್ಮ ಮೆಟ್ಟಿಲು ಹತ್ತಿ ಉಸಿರು ಬಿಡುತ್ತಾ, "ಇಲ್ಲಿ ಕಾರ್ಟೂನ್‌ಗೆ ಮಕ್ಕಳ ದನಿ ಕೊಡ್ತಿದ್ರಲ್ಲ, ಅವರು ಸಿಗ್ತಾರಾ?" ಎಂದಳು.

"ಯಾಕೆ?"

"ಅವರು ನನ್ನ ದೊಡ್ಡಮ್ಮ. ಅಮ್ಮನ್ನ ಕೇಳಿದ್ರೆ ವಿಳಾಸ ಗೊತ್ತಿಲ್ಲ ಅಂತಾಳೆ. ಟಿವಿಯವರನ್ನ ಕೇಳಿದೆ, ಅವರು ನಿಮ್ಮನ್ನ ಕೇಳಿ ಅಂದ್ರು."

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಕೂಟರ್ ತೆಗೆದೆ. ದಾರಿಯಲ್ಲಿ ಆಪರೇಷನ್ನಿನ ವಿಷಯ ಹೇಳಬೇಕು ಎಂದುಕೊಂಡೆ. ಟ್ರಾಫಿಕ್ಕಿನ ಸದ್ದು, ಅವಳು ಹಿಂದೆ ಕೂತಿದ್ದಳು, ಹೇಳಲಾಗಲಿಲ್ಲ. ಮಹಡಿಯ ಮನೆ ಎಂದು ತೋರಿಸಿ ಗಾಡಿ ನಿಲ್ಲಿಸುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿಯಾಗಿತ್ತು. ನಾನು ತಿರುವಿನಲ್ಲಿರುವಾಗಲೇ ಮೇಲಿಂದ ಮಾತು ಕೇಳಿಸಿತು.

"ಯಾರು ಬೇಕಿತ್ತು?" ಪಾಪಕ್ಕನ ಒರಟು ದನಿ.

"ದೊಡ್ಡಮ್ಮ... ಇಲ್ಲಿ ಪರದೆ ಹೊಲೀತಾರಲ್ಲ, ಅವರು ಬೇಕಿತ್ತು. ನೀವು ಅವರ ಮನೆಯವರಾ?"

ನಾನು ಅಲ್ಲೇ ನಿಂತೆ. ಏಳು ವರ್ಷದ ಮಗುವಿಗೆ ಮುಖ ಎಷ್ಟು ನೆನಪಿರುತ್ತದೆ? ಅವಳು ಉಳಿಸಿಕೊಂಡಿದ್ದದ್ದು ದನಿಯನ್ನು. ಅದು ಈಗ ಎಲ್ಲೂ ಇರಲಿಲ್ಲ. ಮೇಲೆ ಪಾಪಕ್ಕ ಮೆಲ್ಲಗೆ "ಪುಟ್ಟೀ" ಅಂದರು. ಅವಳು ಒಂದು ಹೆಜ್ಜೆ ಹಿಂದೆ ಸರಿದ ಸದ್ದು ಕೇಳಿಸಿತು. ನಾನು ಮೇಲೆ ಹೋಗಿ ಇಬ್ಬರ ನಡುವೆ ನಿಂತು, ಗಂಟಲು, ಗಂಟು, ಆಪರೇಷನ್ನು ಎಂದು ಏನೇನೋ ವಿವರಿಸಿದೆ. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

ಒಳಗೆ ಹೋಗಿ ಕೂತೆವು. ಪಾಪಕ್ಕ ನೀರು ಕೊಟ್ಟರು, ಟೀ ಕೊಟ್ಟರು, ಮತ್ತೆ ನೀರು ಕೊಟ್ಟರು. ಕೊನೆಗೆ ಇಷ್ಟು ವರ್ಷ ಹೊತ್ತುಕೊಂಡಿದ್ದ ಪ್ರಶ್ನೆ ಕೇಳಿದರು.

"ನನ್ನ ಸಿನಿಮಾ ಎಲ್ಲಾ ನೋಡ್ತಿದ್ದೆಯಾ?"

ಪುಟ್ಟಿ ಲೋಟದ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಳು. "ಇಲ್ಲ ದೊಡ್ಡಮ್ಮ."

"ಬರ್ತಿರಲಿಲ್ವಾ ಅಲ್ಲಿ?"

"ಬರ್ತಿತ್ತು. ನಾನೇ ಆರಿಸ್ತಿದ್ದೆ."

ಮೊದಲನೇ ಸಲ ಕೇಳಿದ್ದು ನರಿಮರಿಯ ದನಿಯಂತೆ. ಪುಟ್ಟಿ ಎದ್ದು ಟಿವಿಯ ಹಿಂದೆ ಹೋಗಿ ಹುಡುಕಿದಳು. ದೊಡ್ಡಮ್ಮ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಮನೆಯವರಿಗೆಲ್ಲ ಹೇಳಿದಳು. ಎಲ್ಲರೂ ನಕ್ಕರು. ತಾಯಿ ಮಾತ್ರ ನಗದೆ ವಯರು ಕಿತ್ತುಹಾಕಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ದೊಡ್ಡವಳಾದ ಮೇಲೆ ದೊಡ್ಡಮ್ಮ ಸಿನಿಮಾಗಳಿಗೆ ದನಿ ಕೊಡುತ್ತಾರೆ ಎಂದು ಪುಟ್ಟಿಗೆ ತಿಳಿಯಿತು. ಆಗ ಕೇಳುವುದು ಇನ್ನೂ ಕಷ್ಟವಾಯಿತು.

"ನಿಮ್ಮ ದನಿ ಯಾರ್ಯಾರನ್ನೋ ಅಮ್ಮ ಅಂತ ಕರೀತಿತ್ತು" ಅಂದಳು. "ಕರಡೀನ, ಒಂಟೇನ. ನನ್ನ ಹೆಸರು ಒಂದು ಸಲಾನೂ ಕರೀಲಿಲ್ಲ."

"ಬುಂಬು ಅಂತಿದ್ನಲ್ಲ ಪುಟ್ಟಿ. ಎಲ್ಲದ್ರಲ್ಲೂ ಹೇಳಿದೀನಿ."

"ಅದನ್ನ ಕೇಳೇ ನಾನು ಎದ್ದು ಹೋಗ್ತಿದ್ದದ್ದು. ಅದು ನಮ್ಮಿಬ್ಬರದು ಅಂದ್ಕೊಂಡಿದ್ದೆ. ಶಾಲೇಲಿ ಎಲ್ಲಾ ಮಕ್ಕಳೂ ಬುಂಬು ಬುಂಬು ಅಂತ ಆಡ್ತಿದ್ರು. ನೀವು ಅದನ್ನ ಊರಿಗೆಲ್ಲಾ ಹಂಚಿಬಿಟ್ರಿ ಅನ್ನಿಸ್ತು."

ನಾನು ತಲೆ ತಗ್ಗಿಸಿ ಕೂತೆ. ಆ ಮಾತಿಗೆ ಜಾಗ ಬಿಟ್ಟು ಬಿಟ್ಟು ಬರೆದವನು ನಾನು. ಪಾಪಕ್ಕ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಎಳೆದುಕೊಂಡು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಆಮೇಲೆ "ಸಿಟ್ಟು ಬಂದಿತ್ತಾ?" ಎಂದು ಕೇಳಿದರು.

"ತುಂಬಾ."

"ಒಳ್ಳೇದಾಯ್ತು. ಮರೆತಿದ್ದೀಯ ಅಂದ್ಕೊಂಡಿದ್ದೆ."

ಪುಟ್ಟಿ ಅಂದು ಊಟ ಮಾಡಿಕೊಂಡೇ ಹೋದಳು. ಮುಂದಿನ ಭಾನುವಾರ ತಾನಾಗಿಯೇ ಬಂದಳು.

ಅವಳೇ ಒಮ್ಮೆ ಆ ಸಿನಿಮಾಗಳನ್ನು ನೋಡಬೇಕು ಅಂದಳು. ನಾನು ಸ್ಟುಡಿಯೋದಲ್ಲಿ ಹುಡುಕಾಡಿದೆ. ಹೆಚ್ಚಿನ ಟೇಪುಗಳ ಮೇಲೆ ಬೇರೆ ಏನೇನೋ ತುಂಬಿಯಾಗಿತ್ತು. ಕರಡಿಮರಿ ಇಲ್ಲ, ನರಿಮರಿ ಇಲ್ಲ. ಮರಳಿನ ಸಿನಿಮಾ ಒಂದು ಪೂರ್ತಿಯಾಗಿ ಸಿಕ್ಕಿತು. ರಜೆಯ ದಿನ ಇಬ್ಬರನ್ನೂ ಕರೆಸಿ ಪರದೆಗಳನ್ನು ಎಳೆದು ಹಾಕಿದೆ.

ಶುರುವಾದ ಸ್ವಲ್ಪ ಹೊತ್ತಿಗೇ ಪಾಪಕ್ಕ ಕುರ್ಚಿಯ ಅಂಚಿಗೆ ಬಂದರು. "ಇದ್ರಲ್ಲಿ ಇಷ್ಟೊಂದು ಆಕಾಶ ಇತ್ತಾ?" ಎಂದು ಕೇಳಿದರು.

ನನಗೆ ಆಗ ಹೊಳೆಯಿತು. ಡಬ್ಬಿಂಗಿನಲ್ಲಿ ಚೂರು ಚೂರೇ ತೋರಿಸುತ್ತೇವೆ, ಅದೂ ಹಿಂದುಮುಂದಾಗಿ. ಅವರ ಕಣ್ಣು ಸದಾ ಮರಿಯ ತುಟಿಯ ಮೇಲೆ. ಮನೆಯಲ್ಲಿ ಟಿವಿ ಹಾಕುತ್ತಿರಲಿಲ್ಲ. ಅಷ್ಟು ಸಿನಿಮಾ ಮಾತಾಡಿದವರು ಒಂದನ್ನೂ ನೋಡಿರಲಿಲ್ಲ. ಯಾರಿಗಾಗಿ ಮಾತಾಡಿದ್ದರೋ ಅವಳೂ ನೋಡಿರಲಿಲ್ಲ. ಒಂಟೆ ಕರಗಿ ದಿಬ್ಬವಾಗುವುದನ್ನು ಇಬ್ಬರೂ ಒಂದೇ ಹೊತ್ತಿಗೆ ಮೊದಲ ಸಲ ನೋಡುತ್ತಿದ್ದರು. ನಾನು ಚಿತ್ರ ನೋಡುವುದು ಬಿಟ್ಟು ಅವರ ಮುಖ ನೋಡಿದೆ.

ಪುಟ್ಟ ಹುಡುಗಿ ಆಕಾಶಕ್ಕೆ ಕೈ ತೋರಿಸಿದಳು. ಹಳೆಯ ದನಿ ಕೋಣೆ ತುಂಬಿತು. ಪುಟ್ಟಿಯ ಕೈ ಪಕ್ಕದಲ್ಲಿ ಏನನ್ನೋ ತಡಕಿತು, ರಿಮೋಟ್ ಹುಡುಕುವ ಹಾಗೆ. ಸಿಗಲಿಲ್ಲ. ಹಾಗೇ ಕೂತಳು. ಕತ್ತಲಲ್ಲಿ ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಪಾಪಕ್ಕ ಅವಳ ಕಡೆ ತಿರುಗಲಿಲ್ಲ, ಮುಟ್ಟಲೂ ಇಲ್ಲ. ಮುಗಿದ ಮೇಲೆ ದೀಪ ಹಾಕಿದೆ.

"ಆ ದನಿ ನನಗೂ ಬೇಕು ಅನ್ನಿಸ್ತಿದೆ ಕಣೆ" ಅಂದರು ಪಾಪಕ್ಕ. ತಮ್ಮ ದನಿಯ ಬಗ್ಗೆ ಅವರು ದುಃಖದಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗ ಪುಟ್ಟಿ ಹೆಚ್ಚಿನ ಭಾನುವಾರ ಬರುತ್ತಾಳೆ. ಪಾಪಕ್ಕನ ಟಿವಿಯ ಮೇಲಿನ ಬಟ್ಟೆಯ ಅಟ್ಟಿ ಇಳಿದಿದೆ. ನಾನು ಎಲ್ಲೆಲ್ಲಿಂದಲೋ ಬೇರೆ ಬೇರೆ ದೇಶದ ಸಿನಿಮಾ ತಂದುಕೊಡುತ್ತೇನೆ, ಡಬ್ ಮಾಡದೇ ಇದ್ದವು. ಅವರಿಗೆ ಮಾತು ಅರ್ಥವಾಗುವುದಿಲ್ಲ. ಬೇಕಾಗಿಯೂ ಇಲ್ಲ. ಸಂಭಾಷಣೆ ಬರೆದು ಬದುಕಿದ ನನಗೆ ಇದು ಸ್ವಲ್ಪ ಅವಮಾನವೇ.

ಒಂದು ವಿಷಯ ಮಾತ್ರ ಪಾಪಕ್ಕ ನನ್ನೊಬ್ಬನ ಹತ್ತಿರ ಹೇಳಿದರು. ಚಿಕ್ಕಂದಿನಲ್ಲಿ ಪುಟ್ಟಿ ಅವರನ್ನು "ನೀನು" ಅನ್ನುತ್ತಿದ್ದಳಂತೆ. "ದೊಡ್ಡಮ್ಮ ನೀನು ಬಾ, ನೀನು ತಿನ್ನಿಸು." ಈಗ ಬಾಯಿ ತೆರೆದರೆ "ನೀವು". ಅವಳಿಗೆ ಅದು ಮರ್ಯಾದೆ. ಇವರಿಗೆ ನಡುವೆ ಒಂದು ಗೋಡೆ.

"ನೀನು ಅನ್ನು ಅಂತ ನೀವೇ ಹೇಳಬಹುದಲ್ಲ" ಎಂದೆ.

"ಅದು ಹೇಳಿಸಿಕೊಂಡು ಬರೋ ಮಾತಲ್ಲಪ್ಪ."

ಹೋದ ವಾರ ನಾನು ಹೋದಾಗ ಪುಟ್ಟಿ ಏಣಿ ಹತ್ತಿ ಕಿಟಕಿಯ ಮೇಲಿನ ಪರದೆ ಕಂಬಿಯ ತಿರುಪು ಬಿಗಿ ಮಾಡುತ್ತಿದ್ದಳು. ಪಾಪಕ್ಕ ಕೆಳಗಿನಿಂದ ಹಾಗಲ್ಲ ಹೀಗೆ, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ಅವಳಿಗೆ ರೇಗಿತು.

"ದೊಡ್ಡಮ್ಮ, ಸುಮ್ನಿರಿ ಸ್ವಲ್ಪ. ನಾನು ದಿನಾ ಮಾಡೋ ಕೆಲಸ ಇದು."

ಪಾಪಕ್ಕ ಸುಮ್ಮನಾದರು. ನನ್ನ ಕಡೆ ನೋಡಿ, "ರೇಗೋಕೆ ಶುರು ಮಾಡಿದಾಳೆ" ಎಂದು ಪಿಸುಗುಟ್ಟಿದರು, ಕಣ್ಣಲ್ಲಿ ಅಷ್ಟು ಆಸೆ ಇಟ್ಟುಕೊಂಡು. ಆಮೇಲೆ ಏಣಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ನಿಂತರು.